‘ಸಾಕು’ ಎಂದಿದ್ದಕ್ಕೆ ವ್ಯಾಯಾಮ ನಿಲ್ಲಿಸಿದ ಸಾಹೇಬರಿಗೆ

ಮನೆ ಆರೈಕೆ ವಿಭಾಗದ ದೊಡ್ಡ ಸಾಹೇಬರ ಸಮ್ಮುಖಕ್ಕೆ,

ಮಾನ್ಯರೇ, ಮಹಾನುಭಾವರೇ, ಬಿಡುವಿಲ್ಲದ ಕೆಲಸದ ನಡುವೆಯೂ ಹೋದ ಮಂಗಳವಾರ ನಮ್ಮ ಹೊಸಿಲು ದಾಟಿ, ಐದೇ ನಿಮಿಷದಲ್ಲಿ ನಮ್ಮ ಬದುಕನ್ನು ತಿದ್ದಿಹೋದ ತಮಗೆ, ನಾಲ್ಕನೇ ತರಗತಿಯವರೆಗೆ ಓದಿದ ಈ ಮುದುಕಿಯ ಸಾವಿರ ನಮಸ್ಕಾರಗಳು.

ಲಕ್ವ ಹೊಡೆದ ಮೇಲೆ ನಮ್ಮ ಯಜಮಾನರ ಬಾಯಲ್ಲಿ ಉಳಿದಿರುವುದು ಒಂದೇ ಪದ, ‘ಸಾಕು’. ನೀರು ಬೇಕಾದರೂ ಸಾಕು, ಬೆನ್ನು ತುರಿಸಬೇಕಾದರೂ ಸಾಕು, ಇನ್ನೊಂದು ತುತ್ತು ಹಾಕು ಎನ್ನುವುದಕ್ಕೂ ಸಾಕು. ಮೊದಲ ಎರಡು ದಿನ ನಾವೂ ದಡ್ಡರಂತೆ ಎರಡು ತುತ್ತಿಗೇ ತಟ್ಟೆ ಎತ್ತಿಟ್ಟೆವು. ಅವರು ಕಣ್ಣಲ್ಲೇ ನಮ್ಮನ್ನು ಸುಟ್ಟರು. ಆಮೇಲೆ ಸೊಸೆ ಅದರ ರಾಗ ಪತ್ತೆ ಹಚ್ಚಿದಳು: ಎಳೆದು ಹೇಳಿದರೆ ಇನ್ನೂ ಬೇಕು, ಮೊಟಕಾಗಿ ಹೇಳಿದರೆ ಬೇಗ ಬಾ. ನನ್ನ ತಮ್ಮ ಬಂದು ಆರೋಗ್ಯದ ಮೇಲೆ ಒಂದು ಗಂಟೆ ಭಾಷಣ ಬಿಗಿದ ದಿನ ಮಾತ್ರ ಅದಕ್ಕೆ ಅದರದೇ ಅರ್ಥವಿತ್ತು.

ನಾನು ಬಚ್ಚಲಲ್ಲಿ ಹೊದಿಕೆ ಹಿಂಡುತ್ತಿದ್ದಾಗ ತಾವು, "ಏನಜ್ಜಾ, ವ್ಯಾಯಾಮ ಮುಂದುವರಿಸೋಣ್ವಾ?" ಎಂದದ್ದು ಕೇಳಿಸಿತು. ಅವರು ಖುಷಿಯಿಂದ "ಸಾಕೂ..." ಎಂದದ್ದೂ ಕೇಳಿಸಿತು. ಕೈ ಒರೆಸಿಕೊಂಡು ಬರುವಷ್ಟರಲ್ಲಿ ತಾವು ‘ರೋಗಿಯ ಇಚ್ಛೆಯಂತೆ ನಿಲ್ಲಿಸಲಾಗಿದೆ’ ಎಂದು ಬರೆದು, ಮೊಹರು ಒತ್ತಿ, ಹೊರಟಾಗಿತ್ತು. ಮಂಚದಿಂದ ಕಿಟಕಿಯವರೆಗೆ ಏಳು ಹೆಜ್ಜೆ ನಡೆಸಿದ್ದ ವ್ಯಾಯಾಮದ ಮೇಡಂ ಮರುದಿನದಿಂದ ಬರುತ್ತಿಲ್ಲ. ಯಜಮಾನರು ಮಾತ್ರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಎಡಗಾಲು ಇಳಿಬಿಟ್ಟು ಬಾಗಿಲು ನೋಡುತ್ತಾರೆ.

ನಿನ್ನೆ ನಾನೂ ಸೊಸೆಯೂ ಅವರನ್ನು ಹಿಡಿದು ನಡೆಸಲು ಹೋಗಿ, ಮೂವರೂ ಮಂಚದ ಮೇಲೆ ಮಗುಚಿಕೊಂಡೆವು. ತಾವು ಬಿಟ್ಟುಹೋದ ‘ಆರೈಕೆ ಮಾಡುವವರ ಯೋಗಕ್ಷೇಮ’ ನಮೂನೆಯಲ್ಲಿ, ಈ ವಾರ ಎಷ್ಟು ಸಲ ನಕ್ಕಿರಿ ಎಂಬ ಚೌಕದಲ್ಲಿ ಇದನ್ನು ಒಂದೇ ಸಲ ಎಂದು ತುಂಬಿದ್ದೇನೆ, ನಕ್ಕಿದ್ದು ಮಾತ್ರ ಕಾಲು ಗಂಟೆ. ನಿಮಗಾಗಿ ಸಮಯ ಮೀಸಲಿಡುತ್ತೀರಾ? ಹೌದು, ಬಚ್ಚಲಿನ ಚಿಲಕ ಹಾಕಿಕೊಂಡು. ಸಾಕಾಗಿದೆ ಎನಿಸುತ್ತದೆಯೇ? ದಿನಕ್ಕೆ ನಾಲ್ಕು ಸಲ. ಮೇಡಂ ಬರುತ್ತಿದ್ದಾಗ ಎರಡೇ ಸಲ.

ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು, ‘ಸಾಕು’ ಎಂದರೆ ನಿಲ್ಲಿಸು ಎಂದೂ ಆಗುತ್ತದೆ, ಸಲಹು ಎಂದೂ ಆಗುತ್ತದೆ ಎಂದು ಕಿವಿ ಹಿಂಡಿ ಕಲಿಸಿದ್ದರು. ಅಷ್ಟೆಲ್ಲ ಓದಿಯೂ ತಮಗೆ ಒಂದೇ ಅರ್ಥ ಗೊತ್ತಿರುವುದು ತಮ್ಮ ಕಿವಿಗಳ ಪುಣ್ಯ.

ತಾವೂ ಒಂದು ದಿನ ಒಂದೇ ಪದದಲ್ಲಿ ಕಚೇರಿ ನಡೆಸಿ, ಊಟ ತರಿಸಿಕೊಂಡು, ಬೆನ್ನು ತುರಿಸಿಕೊಂಡು ತೋರಿಸಬೇಕೆಂದು ಕೋರುವವಳಿದ್ದೆ. ಆಮೇಲೆ ನೆನಪಾಯಿತು, ‘ನೋಡೋಣ’ ಎಂಬ ಒಂದೇ ಪದದಲ್ಲಿ ತಾವು ಎಷ್ಟೋ ವರ್ಷಗಳಿಂದ ಕಚೇರಿ ನಡೆಸುತ್ತಲೇ ಇದ್ದೀರಿ. ಹಾಗಾಗಿ ಸಣ್ಣ ಕೋರಿಕೆ: ಆ ಮೊಹರನ್ನು ಹಿಂದಕ್ಕೆ ತೆಗೆದುಕೊಂಡು ಮೇಡಂ ಅವರನ್ನು ಕಳಿಸಿಕೊಡಿ. ಕಿಟಕಿಯಿಂದ ಬಾಗಿಲಿಗೆ ಇನ್ನು ಒಂಬತ್ತೇ ಹೆಜ್ಜೆ.

ತಮ್ಮ ವಿಶ್ವಾಸಿ,
ಏಳು ಹೆಜ್ಜೆಯ ಯಜಮಾನರ ಹೆಂಡತಿ

ವಿ.ಸೂ.: ಪತ್ರವನ್ನು ಯಜಮಾನರಿಗೆ ಓದಿ ಹೇಳಿದೆ. "ಸಾಕೂ..." ಎಂದರು, ಚೆನ್ನಾಗಿ ಎಳೆದು. ಆದ್ದರಿಂದ ನಾಳೆಯೂ ತಮಗೊಂದು ಪತ್ರ ಬರುತ್ತದೆ, ನಾಡಿದ್ದೂ.