ಸತ್ತೋರ ಹೆಸರಿನ ಬಿಲ್ಲು

ಕುಂತ್ಕಳ್ರಕ್ಕ. ಮೊದ್ಲು ಮಕ್ಕಳಾಣೆ ಮಾಡ್ರಿ, ಯಾರ್ ತಾವೂ ಬಾಯಿ ಬಿಡಲ್ಲ ಅಂತ. ಮಾಡಿದ್ರಾ? ಸರಿ. ನಮ್ಮ ಪಕ್ಕದ ಮನೆ ಹುಡುಗಿ ಫ್ಲೆಕ್ಸ್ ಅಂಗಡಿ ಕೆಲಸ ಬಿಟ್ಟು, ಮನೆಯಾಗೇ ಕಂಪ್ಯೂಟರ್ ಇಟ್ಕಂಡು ಶ್ರದ್ಧಾಂಜಲಿ ಬ್ಯಾನರ್ ಮಾಡ್ಕೊಡ್ತಾಳಲ್ಲ, ಅವತ್ತಿಂದ ಅಲ್ಲಿ ಒಂದಲ್ಲ ಒಂದು ವಿಚಿತ್ರ ನಡೀತಾನೇ ಐತೆ. ಮೊದಲ್ನೇ ತಿಂಗಳೇ ಕಾಸು ಹುಟ್ಟದಿದ್ರೆ ವಾಪಸ್ ಅಂಗಡಿಗೆ ಹೋಗು ಅಂತ ಅವರಮ್ಮ ಹೇಳಿತ್ತು. ಆ ಓನರ್ ಮೊಕ ನೋಡೋಕಿಂತ ಹೆಣದ ಮೊಕ ನೋಡೋದೇ ವಾಸಿ ಅಂದಿದ್ಲು ಇವ್ಳು.

ಮೊದಲ್ನೇ ಬಿಲ್ಲು

ಬಬ್ಬೂರಿನ ಸಾವಿನ ಮನೆ. ಬಿಲ್ಲಿಗೆ ಗಿರಾಕಿ ಹೆಸರು ಬೇಕಲ್ಲ, ಇವ್ಳಿಗೆ ಗೊತ್ತಿದ್ದಿದ್ದು ಬ್ಯಾನರಿನಾಗಿನ ಹೆಸರೊಂದೇ. ಅದನ್ನೇ ಬರ್ಕಂಡು ಹೋದ್ಲು. ದೊಡ್ಡ ಮಗ ಓದಿ, ಹಾರ ಹಾಕಿದ ಫೋಟೋ ಮುಂದೆ ಬಿಲ್ಲಿಟ್ಟು ಕೈ ಮುಗಿದ. "ಅಪ್ಪಾಜಿ ಹೆಸರಿಗೈತಲ್ಲಮ್ಮ, ಅವ್ರನ್ನೇ ಕೇಳು," ಅಂದ. ಇವ್ಳು ಫೋಟೋ ನೋಡಿದ್ಲಂತೆ. ಅದೂ ಇವ್ಳನ್ನೇ ನೋಡ್ತಿತ್ತಂತೆ. ಓಡಿ ಬಂದವ್ಳು ಕಾಸೂ ಬಿಟ್ಲು, ಚಪ್ಪಲೀನೂ ಬಿಟ್ಲು.

ಎರಡ್ನೇದು

ಇನ್ನ ಮನೆಗೇ ಹೋಗಲ್ಲ ಅಂತ, ಫೋಟೋ ಬಂದಿದ್ದ ನಂಬರಿಗೇ ವಾಟ್ಸಾಪಿನಾಗೆ ಬಿಲ್ಲು ಕಳಿಸಿದ್ಲು. ಈ ಸಲ ಸತ್ತಿದ್ದು ಒಬ್ಬ ಮುದುಕಿ, ಆ ನಂಬರು ಅವ್ಳ ಫೋನಿಂದೇ. ನೀಲಿ ಟಿಕ್ಕು ಬಿದ್ವು. ಮುದುಕಿ ಮೊಕದ ಪಕ್ಕ 'ಟೈಪಿಂಗ್' ಅಂತ ಬಂತು. ಅಲ್ಲೇ ಕುಂತಿದ್ದೆ ಕಣಕ್ಕ, ನನ್ ಕೈಯಾಗಿನ ಮಂಡಕ್ಕಿ ಎಲ್ಲ ಚೆಲ್ಲೋತು. ದುಡ್ಡೂ ಬಂತು, ಮುದುಕಿ ಹೆಸರಿನಾಗೇ ಬಂತು. ಸೊಸೆ ಆ ಫೋನ್ ಇಟ್ಕಂಡವ್ಳೆ ಅಂತ ಆಮ್ಯಾಲೆ ಗೊತ್ತಾತು. ಬದುಕಿದ್ದಾಗ ಸೊಪ್ಪಿನೋಳಿಗೂ ನಾಳೆ ಬಾ ಅಂತಿದ್ದ ಮುದುಕಿ, ಸತ್ತ ಮ್ಯಾಲೆ ಗಳಿಗೆಯಾಗೆ ಕೊಟ್ಲು.

ಹೊಸದುರ್ಗದ ಅಜ್ಜ

ಈ ಅಜ್ಜ ತಾನೇ ಬಂದು, ತನ್ನ ಫೋಟೋ ಕೊಟ್ಟು, "ನಾ ಸಾಯೋ ತಾರೀಖಿನ ಜಾಗ ಖಾಲಿ ಬಿಡವ್ವ. ಮಕ್ಕಳನ್ನ ನಂಬಂಗಿಲ್ಲ," ಅಂದ. ದುಡ್ಡು ಮುಂಚೇನೇ ಪೂರ್ತಿ ಕೊಟ್ಟ. ಅವರಮ್ಮ ಅಂಗಡಿ ಮಾತೇ ಬಿಡ್ತು. ಆ ಖುಷಿಗೆ ಇವ್ಳು ಬಿಲ್ಲಿನ ಕೆಳಗೆ 'ತಿದ್ದುಪಡಿ ಎಷ್ಟಾದ್ರೂ ಫ್ರೀ' ಅಂತ ಬರೆದುಬಿಟ್ಲು. ಅಜ್ಜ ವಾರವಾರ ಬರೋಕ್ಕೆ ಶುರು ಮಾಡ್ದ. ಬಿಳೇ ಮೀಸೆ ಕರ್ರಗೆ ಮಾಡು, ಬೋಳು ತಲೆಗೆ ಕೆಂಪು ಪೇಟ ಇಡು, ಎರಡ್ನೇ ಸೊಸೆ ಹೆಸರು ತೆಗಿ. ಇವ್ಳಿಗೆ ಬ್ಯಾರೆ ಕೆಲಸವೇ ಇಲ್ದಂಗಾತು.

ಮೊನ್ನೆ ಮಗ ಫೋನ್ ಮಾಡಿ, ಅಪ್ಪ ಹೋಗ್ಬಿಟ್ಟ, ತಾರೀಖು ತುಂಬಿಸಿ ಕಳಿಸು ಅಂದ. ಕಳಿಸಿದ್ಲು. ನಿನ್ನೆ ಮಣ್ಣು ಮಾಡಿದ್ರು. ಪಾಪ ಅಜ್ಜ ಅಂತ ಅತ್ಲು, ತಿದ್ದೋದು ಮುಗೀತಲ್ಲ ಅಂತ ಒಂಚೂರು ನಕ್ಲು.

ಇರ್ರಕ್ಕ, ಯಾರೋ ಬಾಗಿಲಿಗೆ ಬಂದ್ರು. ಪಕ್ಕದ ಮನೆ ಹುಡುಗಿ ಎಲ್ಲಿ ಅಂತ ಕೇಳ್ತಾವ್ರೆ. ಕೆಂಪು ಪೇಟ ಐತೆ... ಮೀಸೆ ಕರ್ರಗೈತೆ... ಅಯ್ಯೋ ಶಿವನೇ, ಕೈಯಾಗೆ ಇನ್ನೊಂದು ಫೋಟೋ ಹಿಡ್ಕಂಡು ಬಂದೈತಲ್ರೀ...