ಮಗಳಿಗೆ ಸಂದರ್ಶನ, ಮನೆಗೆಲ್ಲ ತರಬೇತಿ

ಪರೀಕ್ಷೆಗೆ ಮಕ್ಕಳು ಹೆದರಿದ್ದನ್ನು ನಾನು ಕಂಡದ್ದು ಕಡಿಮೆ. ಈ ಪರದೇಶದಲ್ಲಿ, ಥಾರ್ನ್‌ಹಿಲ್ಲಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ದೊಡ್ಡ ಪ್ರೈವೇಟ್ ಶಾಲೆಗಳ ಪ್ರವೇಶ ಪರೀಕ್ಷೆಗೂ ಸಂದರ್ಶನಕ್ಕೂ ಮಕ್ಕಳನ್ನು ತಯಾರು ಮಾಡುವ ಕೆಲಸ ಹಿಡಿದು ಹತ್ತು ವರ್ಷವಾಯಿತು. ಪ್ರತಿ ಅಕ್ಟೋಬರಿನಲ್ಲೂ ಅದೇ ಕಥೆ. ಮಗು ಆರಾಮಾಗಿ ಚಿಪ್ಸ್ ತಿನ್ನುತ್ತಿರುತ್ತದೆ, ತಂದೆತಾಯಿಗೆ ಊಟ ಸೇರುವುದಿಲ್ಲ.

ಹೋದ ಸಲ ಬಂದದ್ದು ಪಕ್ಕದ ಯೂನಿಯನ್‌ವಿಲ್‌ನಲ್ಲಿ ನೆಲೆಸಿದ ಒಂದು ಹುಬ್ಬಳ್ಳಿ ಕುಟುಂಬ. ತಂದೆ ಸಾಫ್ಟ್‌ವೇರು, ತಾಯಿ ಫಾರ್ಮಸಿಸ್ಟು, ಜೊತೆಗೆ ತಂದೆಯ ತಾಯಿ. ಹನ್ನೊಂದು ವರ್ಷದ ಹುಡುಗಿಗೆ ನಾಟಕದ ಹುಚ್ಚು. ಅವಳು ಆಸೆಪಟ್ಟ ಶಾಲೆಯಲ್ಲಿ ನಾಟಕಕ್ಕೆಂದೇ ಒಂದು ಥಿಯೇಟರ್ ಇತ್ತು, ಅರ್ಜಿ ಹಾಕಿದ್ದು ಅದೊಂದಕ್ಕೇ. ಅವಳ ಚುರುಕು ನೋಡಿ ಸೀಟು ಕೊಡಿಸಲೇಬೇಕೆಂಬ ಹಟ ನನಗೂ ಹುಟ್ಟಿತು. ಅಡ್ಡಿಯಿದ್ದದ್ದು ಮನೆಯವರದೇ.

೧. ತಂದೆಯ ಪರೀಕ್ಷೆ

ಮೊದಲ ದಿನವೇ ತಂದೆ ಒಂದು ಅಭ್ಯಾಸ ಪತ್ರಿಕೆ ಕೇಳಿದರು. ಮಟ್ಟ ಹೇಗಿದೆ ನೋಡಬೇಕಂತೆ. ಮಗಳ ಪಕ್ಕದಲ್ಲೇ ಕೂತು, ಪೆನ್ಸಿಲ್ ಎರಡು ಸಲ ಚೂಪು ಮಾಡಿಕೊಂಡು ಬರೆದರು. ತಿದ್ದಿ ನೋಡಿದರೆ ಮಗಳಿಗೆ ಅವರಿಗಿಂತ ಆರು ಅಂಕ ಹೆಚ್ಚು. ಅವರು ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಪ್ರಶ್ನಿ ಸರಿಯಾಗಿ ತಗದಿಲ್ರೀ ಇವರು,” ಎಂದರು. ಮುಂದಿನ ವಾರದಿಂದ ಪೆನ್ಸಿಲ್ ಮುಟ್ಟಲಿಲ್ಲ.

೨. ಮೇಲಿನಿಂದ ಬಂದ ಉತ್ತರ

ಸಂದರ್ಶನದ ಅಭ್ಯಾಸದಲ್ಲಿ ನಾನೇ ಪ್ರಿನ್ಸಿಪಾಲಳು. ಬಿಡುವಿನಲ್ಲಿ ಏನು ಮಾಡುತ್ತೀಯ ಎಂದು ಹುಡುಗಿಯನ್ನು ಕೇಳಿದರೆ ತಂದೆ ಉತ್ತರಿಸಿದರು. ಬೆಳಿಗ್ಗೆ ಏನು ತಿಂದೆ ಎಂದರೆ ತಾಯಿ ಉತ್ತರಿಸಿದರು. ಇಬ್ಬರನ್ನೂ ಮೇಲಿನ ಅಡುಗೆಮನೆಗೆ ಕಳಿಸಿ, ಚಹಾ ಕೊಟ್ಟು ಕೂರಿಸಿ ಬಂದೆ. ನಮ್ಮ ಮನೆಯ ಹೀಟಿಂಗ್ ಕೊಳವೆಯಲ್ಲಿ ಬಿಸಿಗಾಳಿಯ ಜೊತೆ ಮಾತೂ ಹರಿಯುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು.

ನಿನಗಿಷ್ಟವಾದ ಆಟ ಯಾವುದು ಎಂದು ಕೇಳಿದ್ದೇ ತಡ, ಛಾವಣಿಯ ಜಾಲರಿಯಿಂದ ತಂದೆಯ ಅಶರೀರವಾಣಿ ಬಂತು: “ಚೆಸ್ ಅಂತ ಹೇಳು, ಚೆಸ್.”

ಹುಡುಗಿ ತಲೆಯೆತ್ತಿ, ತನಗೆ ಚೆಸ್ ಬರುವುದಿಲ್ಲವೆಂದು ಇಂಗ್ಲಿಷಿನಲ್ಲಿ ಜಾಲರಿಗೆ ತಿಳಿಸಿದಳು.

“ನೀ ಈಗ ಹೇಳು. ರವಿವಾರ ಕಲಸ್ತೇನಿ.”

೩. ದಿನಕ್ಕೊಂದು ಹೊಗಳಿಕೆ

ಅರ್ಜಿಯಲ್ಲಿ ತಂದೆತಾಯಿ ಬರೆಯಬೇಕಾದ ಒಂದು ಭಾಗವಿತ್ತು: ನಿಮ್ಮ ಮಗುವಿನ ಒಳ್ಳೆಯ ಗುಣಗಳೇನು, ಎಲ್ಲಿ ಸುಧಾರಿಸಬೇಕು. ಒಳ್ಳೆಯ ಗುಣದ ಜಾಗದಲ್ಲಿ ಇವರು ‘ಪರವಾಗಿಲ್ಲ’ ಎಂಬರ್ಥದ ಒಂದೇ ಶಬ್ದ ಬರೆದಿದ್ದರು. ಸುಧಾರಣೆಗೆ ಜಾಗ ಸಾಲದೆ ಬೇರೆ ಹಾಳೆ ಪಿನ್ ಮಾಡಿದ್ದರು.

ಹೆತ್ತವರೇ ಹೊಗಳಿದರೆ ಕೂಸಿಗೆ ದೃಷ್ಟಿ ಆಗುತ್ತದೆ ಎಂದು ತಾಯಿ ವಿವರಿಸಿದರು. ಅತ್ತೆಯವರ ಕಟ್ಟಪ್ಪಣೆಯಂತೆ. ನಾನೂ ಧಾರವಾಡದವಳೇ, ನನಗೆ ಗೊತ್ತಿಲ್ಲದ್ದಲ್ಲ. ಆದರೆ ಇಲ್ಲಿ ಹೊಗಳದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಹೆದರಿಸಿ, ದಿನಕ್ಕೊಮ್ಮೆ ಮಗಳನ್ನು ಹೊಗಳುವ ಹೋಂವರ್ಕ್ ತಂದೆಗೆ ಕೊಟ್ಟೆ.

ಮುಂದಿನ ವಾರ ಹೇಗಾಯಿತೆಂದು ಹುಡುಗಿಯನ್ನು ವಿಚಾರಿಸಿದೆ. ಮೊದಲ ದಿನ ಊಟದ ಹೊತ್ತಿಗೆ ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದರಂತೆ: “ಇವತ್ತ ನೀ ಹಾಲು ಚೆಲ್ಲಲಿಲ್ಲ. ಭೇಷ್.”

೪. ಅಜ್ಜಿ ಬಾಯಿ ತೆರೆದದ್ದು

ಸಂದರ್ಶನಕ್ಕೆ ಅಜ್ಜಿಯೂ ಹೊರಟು ನಿಂತರು. ಮೊಮ್ಮಗಳನ್ನು ಎಂಥವರ ಕೈಗೆ ಕೊಡುತ್ತಿದ್ದೇವೆಂದು ನೋಡಬೇಕಂತೆ. ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದ್ದು ತಾಯಿ.

ಪ್ರಿನ್ಸಿಪಾಲರು ಮಗಳ ಬಗ್ಗೆ ಕೇಳಿದರು. ತಂದೆ ಬಾಯಿಪಾಠ ಮಾಡಿದ್ದನ್ನು ಶುರುಹಚ್ಚಿಕೊಂಡರು: ಜಾಣೆ, ದಯಾಳು, ಮುಂದಾಳು. ಅಜ್ಜಿಗೆ ಇಂಗ್ಲಿಷ್ ಬಾರದು. ಆದರೆ ಮಗನ ಮುಖ ಅರಳಿದ್ದು, ಪ್ರಿನ್ಸಿಪಾಲರು ತಲೆಯಾಡಿಸುತ್ತಿದ್ದದ್ದು ನೋಡಿ ಸಂಗತಿ ಹೊಳೆದುಬಿಟ್ಟಿತು. ಹೊರಗಿನವರ ಮುಂದೆ ಕೂಸನ್ನು ಹೊಗಳುತ್ತಿದ್ದಾನೆ!

“ಹಂಗೇನಿಲ್ರೀ,” ಎಂದು ಅಜ್ಜಿ ನಡುವೆ ಬಾಯಿ ಹಾಕಿದರು. “ಏನ್ ಮಹಾ ಶಾಣ್ಯಾಕಿ ಅಲ್ಲ ಇಕಿ. ಊಟಕ್ಕ ಹತ್ತ ಸಲ ಕರೀಬೇಕು. ಬಿಚ್ಚಿದ ಸಾಕ್ಸು ಮೆಟ್ಟಲ ಮ್ಯಾಲ ಬಿದ್ದಿರ್ತಾವು. ಹಟ ಅಂದ್ರ ಹಟ.”

ಅಜ್ಜಿ ಏನೆಂದರು ಎಂದು ಪ್ರಿನ್ಸಿಪಾಲರು ಕೇಳಿದರು. ತಂದೆ ಟೈ ಸರಿಮಾಡಿಕೊಂಡರು. ತಾಯಿ ಕೈಚೀಲದಲ್ಲಿ ಏನೋ ಹುಡುಕತೊಡಗಿದರು. ಸೀಟು ಹೋಯಿತೆಂದೇ ಇಬ್ಬರಿಗೂ ಖಾತ್ರಿಯಾಗಿತ್ತು.

ಹುಡುಗಿ ಎದ್ದು ನಿಂತು, ಅಜ್ಜಿಯ ಹಾಗೆಯೇ ಕೈ ಬೀಸುತ್ತ ಸಾಕ್ಸು, ಹಟ ಯಾವುದನ್ನೂ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಕೊನೆಗೆ ತನ್ನದೊಂದು ಮಾತು ಸೇರಿಸಿದಳು: “ನಮ್ಮ ಮನೆಯಲ್ಲಿ ಇಷ್ಟು ಬೈದರೆ ತುಂಬಾ ಪ್ರೀತಿ ಅಂತ ಅರ್ಥ. ಅಪ್ಪನಿಗೆ ಇದರ ಅರ್ಧನೂ ಸಿಗಲ್ಲ.”

ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರಂತೆ.

ಸೀಟು ಸಿಕ್ಕಿತೆಂದು ತಾಯಿಯ ವಾಟ್ಸ್ಯಾಪ್ ಬಂದಾಗ ನಾನು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಅಭಿನಂದಿಸಲು ಮನೆಗೆ ಫೋನ್ ಮಾಡಿದರೆ ಎತ್ತಿದ್ದು ಅಜ್ಜಿ. ಸಂತೋಷ ತಡೆಯಲಾರದೆ, ನಿಮ್ಮ ಮೊಮ್ಮಗಳು ಭಾಳ ಶಾಣ್ಯಾಕಿ ಇದ್ದಾಳ್ರಿ ಅಮ್ಮಾರ ಎಂದುಬಿಟ್ಟೆ.



“ಅಯ್ಯ, ಬಿಡವಾ,” ಎಂದರು ಅಜ್ಜಿ. “ಸಾಲ್ಯಾಗ ಜಾಗಾ ಖಾಲಿ ಉಳದಿದ್ವು ಅಂತ ಕಾಣಸ್ತದ.”