ಅಕ್ಕನ ಐದು ಗೇಣಿನ ಜಡಿ

ಇದನ್ನ ಯಾರ ಮುಂದೂ ಹೇಳಬ್ಯಾಡ ಅಂತ ಅವ್ವ ನನ್ನ ಕೈ ಹಿಡದು ತನ್ನ ತಲಿ ಮ್ಯಾಲ ಇಟ್ಕೊಂಡು ಆಣಿ ಮಾಡಿಸ್ಯಾಳ. ಅದಕ್ಕ ನಾ ಹೇಳಂಗಿಲ್ಲ, ಬರೀತೀನಿ. ಬರಿಯಾಕ ಅವ್ವ ಆಣಿ ಹಾಕಿಲ್ಲ. ಹೆಂಗೂ ಬಾಯಿಬಿಟ್ಟು ಹೇಳಾಕಿ ನಾನಲ್ಲ. ಕಾಲೇಜಿನಾಗ ಹಾಜರಿ ಕೂಗಿದಾಗ "ಎಸ್ ಮೇಡಂ" ಅನ್ನಾಕ ನನಗ ಎರಡು ಸಲ ಉಸಿರು ತಗೋಬೇಕಾಗತೈತಿ.

ನಮ್ಮದು ಕುರುಗೋಡು. ಮನ್ಯಾಗ ಅಜ್ಜಿ, ಅವ್ವ, ಅಕ್ಕ, ನಾನು. ಅಪ್ಪನೂ ಅದಾನ, ಆದ್ರ ಕೂದ್ಲಿನ ಮಾತು ಬಂದ್ರ ಚಪ್ಪಲಿ ಮೆಟ್ಕೊಂಡು ಹೊರಗ ಹೋಗ್ತಾನ. ಬ್ಯಾರೆಯವರ ಮನ್ಯಾಗ ಹೊಲದ್ದು, ಎಮ್ಮಿದು ಏನೇನೋ ಫಜೀತಿ ಆಗ್ತಾವ. ನಮ್ಮ ಮನ್ಯಾಗ ಫಜೀತಿ ಆಗೋದೆಲ್ಲಾ ಕೂದ್ಲಿಂದ. ಒಂದು ಮುಗೀತು ಅನ್ನೂದ್ರಾಗ ಇನ್ನೊಂದು.

ದಿನಾ ಸಂಜಿಕ ಕಟ್ಟಿ ಮ್ಯಾಲ ಸಾಲಾಗಿ ಕುಂದರ್ತಿದ್ವಿ. ಅಜ್ಜಿ ಅವ್ವಂದು ಬಾಚಾಕಿ, ಅವ್ವ ಅಕ್ಕಂದು, ಅಕ್ಕ ನಂದು. ನಾ ಎಲ್ಲಾರಕಿಂತ ಮುಂದ, ತೊಡಿ ಮ್ಯಾಲ ಪುಸ್ತಕ ಇಟ್ಕೊಂಡು. ಅಕ್ಕ ಒಂದೊಂದು ಸಿಕ್ಕು ಬಿಡಿಸಿದಾಗೂ "ಎಷ್ಟನೇ ಪುಟ?" ಅಂತ ಕೇಳ್ತಿದ್ಳು. ಈಗ ಅಕ್ಕ ಮದುವಿ ಆಗಿ ಸಿರುಗುಪ್ಪಕ್ಕ ಹೋಗಿ ಎರಡು ವರ್ಷ ಆತು. ನನ್ನ ತಲಿ ನಾನಾ ಬಾಚ್ಕೋತೀನಿ. ಎಷ್ಟನೇ ಪುಟ ಅಂತ ಯಾರೂ ಕೇಳಂಗಿಲ್ಲ. ಅದಕ್ಕ ಇದೆಲ್ಲಾ ನೆನಪಾತು.

೧. ಸೌಟು

ಅಕ್ಕನ್ನ ನೋಡಾಕ ಸಿರುಗುಪ್ಪದವರು ಬಂದಾಗ ಹುಡುಗ ಅಕ್ಕನ ಮುಖ ನೋಡಿದ. ಹುಡುಗನ ಅವ್ವ ಮಾತ್ರ ಅಕ್ಕನ ಬೆನ್ನು ನೋಡಿದ್ಳು. ಜಡಿ ಹಿಡದು, ಹೆಬ್ಬೆಟ್ಟು ಕಿರುಬೆರಳು ಚಾಚಿ ಗೇಣು ಹಾಕಿದ್ಳು. ಒಂದು, ಎರಡು, ಮೂರು, ನಾಕು, ಐದು.

"ಐದು ಗೇಣು ಐತ್ರೀ! ನಮ್ಮ ಓಣ್ಯಾಗ ಯಾ ಸೊಸಿಗೂ ಇಲ್ಲ" ಅಂದ್ಳು. ಸಂಬಂಧ ಅಲ್ಲೇ ಕುದುರ್ತು.

ಮದುವಿಗೆ ಎರಡು ತಿಂಗಳು ಐತಿ ಅನ್ನಾಗ ಅಕ್ಕಗ ಟೈಫಾಯ್ಡ್ ಬಂತು. ಜ್ವರ ಹೋತು, ಹೋಗೂ ಮುಂದ ಕೂದ್ಲಾನೂ ಕರ್ಕೊಂಡು ಹೋತು. ಬಾಚಿದ್ರ ಹಣಿಗಿ ತುಂಬ ಬರ್ತಿತ್ತು. ಕಡಿಕ ಉಳಿದದ್ದನ್ನ ಅವ್ವ ಕತ್ತರಿಯಿಂದ ಭುಜಕ್ಕ ಸಮ ಮಾಡಿದ್ಳು. ಅಕ್ಕ ತಲಿಗೆ ದುಪಟ್ಟಾ ಸುತ್ಕೊಂಡು ಕುಂತಾಕಿ ಕಟ್ಟಿಗೆ ಬರೋದನ್ನೇ ಬಿಟ್ಲು. ನಗೋದನ್ನೂ ಬಿಟ್ಲು. "ಅವ್ರು ನನ್ನ ನೋಡಿ ಒಪ್ಪಿಲ್ಲ, ಜಡಿ ನೋಡಿ ಒಪ್ಯಾರ. ಈಗ ಏನ್ ಮಾರಿ ತೋರಿಸ್ಲಿ" ಅಂತ ಗ್ವಾಡಿ ಕಡಿ ತಿರುಗಿ ಮಲಗ್ತಿದ್ಳು.

ಅಜ್ಜಿ ಮಾತ್ರ ಧೈರ್ಯ ಬಿಡಲಿಲ್ಲ. ಉದುರಿದ ಕೂದ್ಲನ್ನ ಒಂದೆಳಿ ಬಿಡದಂಗ ಆರಿಸಿ, ಉಂಡಿ ಕಟ್ಟಿ, ಒಂದು ಬಟ್ಟಿ ಚೀಲದಾಗ ತುಂಬಿ ಬಾಗ್ಲು ಹಿಂದ ತೂಗುಹಾಕಿದ್ಳು. "ಬಳ್ಳಾರ್ಯಾಗ ಯಾರಿಗಾರ ಕೊಟ್ರ ಜಡಿಗೆ ಸೇರಿಸಾಕ ಚೌರಿ ಕಟ್ಟಿ ಕೊಡ್ತಾರ. ನಮ್ಮ ಹುಡ್ಗಿ ಕೂದ್ಲು ನಮ್ಮ ಹುಡ್ಗಿ ತಲಿಗೇ" ಅಂದ್ಳು.

ನಮ್ಮೂರಿಗೆ ಒಬ್ಬಾವ ಮೊಪೆಡ್ ಮ್ಯಾಲ ಬರ್ತಾನ. ಮೈಕಿನಾಗ "ಕೂದ್ಲಾ ಕೊಡ್ರೀ, ಪಾತ್ರಿ ತಗೋರೀ" ಅಂತ ಕೂಗ್ತಿರತೈತಿ. ಅವತ್ತು ಅಜ್ಜಿ, ಅವ್ವ ಹಿತ್ತಲದಾಗ ಇದ್ರು. ನಾ ಓದಾಕತ್ತಿದ್ದೆ. ಕತಿಯಾಗ ಇನ್ನೇನು ಕಳ್ಳ ಸಿಗಬೇಕು, ಅಷ್ಟ್ರಾಗ ಬಾಗ್ಲಾಗ ಅವನು "ಏನವ್ವಾ, ಕೂದ್ಲು ಅದಾವೇನು?" ಅಂದ. ನಾ ಪುಸ್ತಕದಿಂದ ತಲಿ ಎತ್ತಲಿಲ್ಲ. ಅಜ್ಜಿ ಯಾವಾಗ್ಲೂ ಬಾಗ್ಲು ಹಿಂದಿನ ಚೀಲ ಕೊಡ್ತಿದ್ಳು, ನಾನೂ ಕೈ ಚಾಚಿ ಅದನ್ನೇ ಕೊಟ್ಟೆ.

ಅವನು ಒಂದು ಸ್ಟೀಲ್ ಸೌಟು ಕೊಟ್ಟು ಹೋದ.

ಕತಿಯಾಗ ಕಳ್ಳ ಸಿಕ್ಕ. ಹಿಂದಾಗಡೆ ನಾನೂ ಸಿಕ್ಕೆ. ಇವತ್ತಿಗೂ ಊಟಕ್ಕ ಕುಂತಾಗ ಅಜ್ಜಿ ಒದರ್ತಾಳ: "ಲೇ, ಸಾರು ಬಡಸಾಕ ನಿಮ್ಮಕ್ಕನ ಜಡಿ ತಗೊಂಬಾ!"

೨. ಬೆಂಕಿ ಪರೀಕ್ಷಿ

ಇನ್ನ ಕೊಂಡು ತರೋದೇ ಅಂತ ಆತು. ಎಲ್ಲಿ? ಕುರುಗೋಡಿನಾಗ ಕೊಂಡ್ರ ನಮ್ಮ ಓಣಿಗೆ ಗೊತ್ತಾಗತೈತಿ. ಸಿರುಗುಪ್ಪದಾಗ ಕೊಂಡ್ರ ಬೀಗರಿಗೆ ಗೊತ್ತಾಗತೈತಿ. "ಬಳ್ಳಾರಿಗೆ ಹೋಗಮು. ಅಲ್ಲಿ ನಮ್ಮನ್ನ ಯಾರು ನೋಡ್ತಾರ" ಅಂದ್ಳು ಅವ್ವ.

ಒಂದು ಫ್ಯಾನ್ಸಿ ಅಂಗಡಿಗೆ ಹೋದ್ವಿ. ಅಂಗಡ್ಯಾವ ಉದ್ದಂದೊಂದು ಚೌರಿ ತಗದು ಗಾಳ್ಯಾಗ ಕುದರಿ ಬಾಲ ಬೀಸಿದಂಗ ಬೀಸಿದ. "ಪಕ್ಕಾ ಮನುಷ್ಯರ ಕೂದ್ಲಮ್ಮಾ."

"ಕಡ್ಡಿಪಟ್ಣ ಐತ್ಯಾ?" ಅಂದ್ಳು ಅಜ್ಜಿ.

ಅಜ್ಜಿಗೆ ಗೊತ್ತಿತ್ತು: ಪ್ಲಾಸ್ಟಿಕ್ ಆದ್ರ ಕರಗಿ ಮಣಿ ಆಗತೈತಿ, ಅಸಲಿ ಆದ್ರ ಸುಟ್ಟು ಬೂದಿ ಆಗತೈತಿ, ನಾತ ಬರತೈತಿ. ಅಂಗಡ್ಯಾವನ ಮಾರಿ ಸಣ್ಣ ಆತು. ಅಜ್ಜಿ ಚೌರಿ ತಗೊಂಡು ತೊಡಿ ಮ್ಯಾಲ ಹಾಕ್ಕೊಂಡು, ಸೆರಗು ಸರಿಸಿ, ಹುಡುಕಿ ಹುಡುಕಿ ಒಂದೆಳಿ ಎಳದು ಕಡ್ಡಿ ಕೊರದ್ಲು. ಚುರ್ ಅಂತು. ಅಂಗಡಿ ತುಂಬ ಸುಟ್ಟ ನಾತ. ಬೆರಳಾಗ ಬೂದಿ.

"ಅಸಲಿ!" ಅಂದ್ಳು ಅಜ್ಜಿ.

"ನಾ ಹೇಳಲಿಲ್ಲೇನಮ್ಮಾ!" ಅಂದ ಅಂಗಡ್ಯಾವ. ಅವನಿಗೇ ಆಶ್ಚರ್ಯ ಆದಂಗ ಇತ್ತು.

ಮನಿಗೆ ತಂದು ಅಕ್ಕಗ ಹಾಕಿದ್ವಿ. ಚೊಲೋನೇ ಕಾಣ್ತಿತ್ತು. ಅಕ್ಕ ಕನ್ನಡ್ಯಾಗ ಒಂದೀಟು ನೋಡಿ, ಧೈರ್ಯ ಬಂದಂಗಾಗಿ, ರೊಟ್ಟಿ ಬಡ್ಯಾಕ ಒಲಿ ಮುಂದ ಕುಂತ್ಳು. ಐದು ರೊಟ್ಟಿ ಬೇಯೂದ್ರಾಗ ಜಡಿ ತುದಿ ಗುಂಗುರು ಆತು, ಆಮ್ಯಾಲ ಗಂಟಾತು, ಆಮ್ಯಾಲ ಗಟ್ಟಿಯಾಗಿ ಟಣ್ ಟಣ್ ಅಂತ ಹಿಟ್ಟಿನ ಪರಾತಕ್ಕ ಬಡಿಯಾಕತ್ತು.

"ಅಲ್ಲ, ಸುಟ್ಟಾಗ ಬೂದಿ ಆಗಿತ್ತಲ್ಲಾ!" ಅಂತ ಅವ್ವ ಹಣಿ ಹಣಿ ಬಡ್ಕೊಂಡ್ಳು.

ಆಗ ನಾ ಬಾಯಿ ಬಿಟ್ಟೆ. "ಅಜ್ಜೀ, ನೀ ಸುಟ್ಟಿದ್ದು ಬೆಳ್ಳಗಿತ್ತು. ನಿನ್ನ ಸೆರಗಿಗೆ ಅಂಟಿದ್ದು, ನಿಂದೇ ಕೂದ್ಲು."

"ಅಲ್ಲೇ ಹೇಳಾಕ ಏನಾಗಿತ್ತಲೇ ನಿನಗ!"

"ಅಂಗಡ್ಯಾಗ ನಾಕು ಮಂದಿ ಗಂಡಸ್ರು ಇದ್ರು" ಅಂದೆ.

ಅವ್ವ ನನ್ನ ಹೊಡಿಯಾಕ ಬಂದ್ಳು. ಅಜ್ಜಿ ನಡುವ ಬಂದು, ತುರುಬು ಮುಟ್ಟಿ ನೋಡ್ಕೊಂಡು, "ಇರ್ಲಿ ಬಿಡು. ಈ ವಯಸ್ಸಿನಾಗೂ ನಂದು ಅಸಲಿ ಐತಿ ಅಂತಾದ್ರೂ ಗೊತ್ತಾತಲ್ಲ" ಅಂದ್ಳು.

೩. ಮೂರನೇದು

ಬಳ್ಳಾರಿ ಕೌಲ್ ಬಜಾರಿನಾಗ ಒಬ್ಬಾಕಿ ಮನ್ಯಾಗ ಚೌರಿ ಮಾಡ್ತಾಳ, ಅಕಿ ಕೂದ್ಲಿಗೆ ಮೋಸ ಇಲ್ಲ ಅಂತ ಯಾರೋ ಹೇಳಿದ್ರು. ಎಲ್ಲಾರೂ ಅಕಿನ್ನ ಖಾಲಾ ಅಂತಿದ್ರು, ನಾವೂ ಹಂಗ ಕರದ್ವಿ. ಸಣ್ಣ ಗಲ್ಲಿ, ಎರಡು ಖೋಲಿ ಮನಿ, ಮ್ಯಾಲ ಮಾಳಿಗಿ. ಒಂದು ಗಿರಾಕಿ ಇನ್ನೊಂದು ಗಿರಾಕಿ ಮಾರಿ ನೋಡಬಾರ್ದು ಅಂತ ಖಾಲಾ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಹೊತ್ತು ಕೊಡ್ತಿದ್ಳು.

ಖಾಲಾ ನನ್ನ ಕೈಯಾಗ ಒಂದು ಜುಟ್ಟು ಕೊಟ್ಲು. "ಎರಡು ಬೆರಳಾಗ ಹಿಡಿ ಬೇಟಿ. ಬುಡದಿಂದ ತುದಿಗೆ ಎಳಿ. ಜಾರ್ತಾ? ಈಗ ತುದಿಯಿಂದ ಬುಡಕ್ಕ ಎಳಿ. ತಡೀತಾ? ಹಂಗಿದ್ರ ಇದಕ್ಕ ಬಣ್ಣ, ಮೆಹಂದಿ, ಕೆಮಿಕಲ್ ಏನೂ ಸೋಕಿಲ್ಲ. ವರ್ಜಿನ್ ಅಂತಾರ ಇದಕ್ಕ. ಒಂದೇ ತಲಿದು, ಬುಡ ಎಲ್ಲಾ ಒಂದು ಕಡಿ, ತುದಿ ಎಲ್ಲಾ ಒಂದು ಕಡಿ. ನೆಲದಾಗ ಆರಿಸಿದ್ದು ಹಿಂದ ಮುಂದ ಆಗಿರತೈತಿ, ಎರಡು ಸಲ ತೊಳದ್ರ ಹಗ್ಗ."

ಕೂದ್ಲಿನ ಮ್ಯಾಲ ಮೀನಿನ ಹುರುಪಿ ಇದ್ದಂಗ ಇರತೈತಿ ಅಂತ ನಾ ಸೈನ್ಸ್ ಪುಸ್ತಕದಾಗ ಓದಿದ್ದೆ. ಹೇಳಬೇಕು ಅಂತ ಎರಡು ಸಲ ಉಸಿರು ತಗೊಂಡೆ. ಅಷ್ಟ್ರಾಗ ಮಾತು ಮುಂದಕ್ಕ ಹೋತು. ಅಕ್ಕ ಮಾತ್ರ ಮೊದಲ್ನೇ ಸಲ ದುಪಟ್ಟಾದಿಂದ ಕೈ ಹೊರಗ ತಗದು ಒಂದೊಂದು ಜುಟ್ಟನ್ನೂ ಎಳದು ನೋಡಾಕತ್ತಿದ್ಳು. ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ. ಖಾಲಾ ಎರಡು ಸಲ "ಶಭಾಶ್" ಅಂದ್ಳು.

ಅಜ್ಜಿದು ಬ್ಯಾರೆ ಚಿಂತಿ. "ಇದು ಯಾ ಊರಾಕಿದು?"

"ಗೊತ್ತಿಲ್ಲ ಅಮ್ಮಾ."

"ಮನಸ್ಸು ಹೆಂಗಿತ್ತು ಅಕಿದು? ಸಿಟ್ಟಿನಾಕಿ ಏನು? ಅತ್ತಿ ಕೂಡ ಜಗಳಾಡಾಕಿದ್ರ ನಮ್ಮ ಹುಡ್ಗಿ ತಲಿಗೆ ಅದೇ ಏರತೈತಿ."

"ಅಮ್ಮಾ, ನಾ ಕೂದ್ಲು ಮಾರಾಕಿ. ಸಂಬಂಧ ಹಚ್ಚಾಕಿ ಅಲ್ಲ!"

ಅಜ್ಜಿ ಜುಟ್ಟನ್ನ ಮೂಗಿಗೆ ಹಿಡದ್ಲು. "ಹರಳೆಣ್ಣಿ ವಾಸ್ನಿ. ಮನಿತನ ಚೊಲೋ ಐತಿ" ಅಂದ್ಳು.

ಆಮ್ಯಾಲ ಬಣ್ಣ ಹೊಂದಿಸೋದು. ಲೈಟಿನಾಗ ಎಲ್ಲಾ ಕೂದ್ಲಾನೂ ಕರ್ರಗ ಕಾಣತೈತಿ, ಬಿಸಿಲಿಗೆ ಹಿಡದ್ರ ಒಂದು ಕೆಂಪು, ಒಂದು ಕಂದು. ಅದಕ್ಕ ನಡು ಮಧ್ಯಾಹ್ನ ಮಾಳಿಗಿ ಮ್ಯಾಲ ನೋಡಬೇಕು. ಅದು ಖಾಲಾನ ಕಾಯ್ದೆ. ಅಕ್ಕ ಮಾಳಿಗಿ ಮ್ಯಾಲ ದುಪಟ್ಟಾ ತಗ್ಯಾಕ ಸುತಾರಾಂ ಒಪ್ಪಲಿಲ್ಲ. "ಇಕಿದೂ ನಂದೂ ಒಂದೇ ಬಣ್ಣ" ಅಂತ ನನ್ನ ಮುಂದ ದಬ್ಬಿದ್ಳು.

ನನ್ನ ಜಡಿ ಬಿಚ್ಚಿದ್ರು. ತಲಿ ಸುತ್ತ ಐದು ಜುಟ್ಟು ಕ್ಲಿಪ್ಪು ಹಾಕಿ ಇಳಿಬಿಟ್ರು. ನಾ ಮಾಳಿಗಿ ನಡುವ ಆಲದ ಮರ ಆಗಿ ನಿಂತೆ. ಆ ಕಡಿ ಮಾಳಿಗ್ಯಾಗ ಬಟ್ಟಿ ಒಣಹಾಕಾವ್ರು ನೋಡಿದ್ರು. ಗಾಳಿಪಟ ಬಿಡಾವ್ರು ದಾರ ಬಿಟ್ಟು ನೋಡಿದ್ರು. ಕೆಳಗ ಸ್ಟ್ಯಾಂಡಿನಾಗ ಆಟೋದವ್ರು ಹೊರಗ ಬಂದು ನೋಡಿದ್ರು. ನನ್ನ ಜೀವಮಾನದಾಗ ಅಷ್ಟು ಮಂದಿ ನನ್ನ ನೋಡಿದ್ದು ಅದೇ ಮೊದಲು. ಭೂಮಿ ಬಾಯಿ ಬಿಡಲಿಲ್ಲ. ಮಾಳಿಗಿ ಮ್ಯಾಲ ಭೂಮಿ ಎಲ್ಲಿಂದ ಬರಬೇಕು.

ಅವ್ವ "ಇದಾ? ಅದಾ?" ಅಂತ ಅರ್ಧ ತಾಸು ಮಾಡಿದ್ಳು. ಖಾಲಾ ಒಂದು ಅಂದ್ಳು, ಅಜ್ಜಿ ಇನ್ನೊಂದು ಅಂದ್ಳು. ಕಡಿಕ ಕೆಳಗಿಂದ ಒಬ್ಬ ಆಟೋದಾವ ಕೈಯಾಗ ಚಾ ಹಿಡಕೊಂಡು ಒದರಿದ:

"ಅಮ್ಮಾ, ಬಲಕಿನಿಂದ ಮೂರನೇದು ತಗೋರಿ! ನನ್ನ ಬಾಡಿಗಿ ಕೈತಪ್ಪಿ ಹೊಂಟೈತಿ, ನೋಡಿ ಹೋಗಮು ಅಂತ ನಿಂತೀನಿ!"

ಮೂರನೇದು ತಗೊಂಡ್ವಿ. ಕೂಡಿಸಿ ನೋಡಿದ್ರ ಒಂದೆಳಿನೂ ಬ್ಯಾರೆ ಕಾಣಲಿಲ್ಲ.

೪. ಮನಿ ನೋಡಾಕ ಬಂದಾಕಿ

ಮದುವಿಗೆ ಎಂಟು ದಿನ ಇದ್ದಾಗ ಹಾಕಿ ನೋಡಾಕ ಮತ್ತ ಹೋದ್ವಿ. ಒಳಗಿನ ಖೋಲ್ಯಾಗ ಕನ್ನಡಿ ಮುಂದ ಅಕ್ಕ ಕುಂತಿದ್ಳು. ಖಾಲಾ ಎಡಕಿನ ಕೂದ್ಲಿಗೆ ಚೌರಿ ಸೇರಿಸಿ ಮುಗಿಸಿದ್ಳು. ಬಲಕ್ಕ ಇನ್ನೂ ಭುಜಕ್ಕ ನಿಂತ ಅಕ್ಕನ ಕೂದ್ಲು. ಅಷ್ಟ್ರಾಗ ಹೊರಗ ಬಾಗ್ಲು ಬಡಿದ ಸಪ್ಪಳ.

"ಅರೆ, ಮುಂದಿನ ಹೊತ್ತಿನಾಕಿ ಒಂದು ಬಸ್ ಮೊದ್ಲೇ ಬಂದಾಳ" ಅಂತ ಖಾಲಾ ಎದ್ದು ಹೋದ್ಳು. ನಡುವ ಬರೇ ಒಂದು ಪರದೆ.

ಹೊರಗ ಒಬ್ಬಾಕಿ ಸಣ್ಣ ದನಿಯಾಗ ಮಾತಾಡಾಕತ್ತಿದ್ಳು. "ಖಾಲಾ, ಲಗೂ ತೋರಿಸ್ರಿ. ನಮ್ಮೂರಾಗ ತಗೊಂಡ್ರ ಸುದ್ದಿ ಆಗತೈತಿ ಅಂತ ಇಲ್ಲಿಗೆ ಬಂದೀನಿ."

ಅವ್ವ ಸೆರಗು ಬಾಯಾಗ ತುರುಕಿಕೊಂಡ್ಳು. ಆ ದನಿ ಸಿರುಗುಪ್ಪದ ಬೀಗತಿದು.

ನಾ ಪರದೆ ಸಂದ್ಯಾಗ ನೋಡಿದೆ. ಬೀಗತಿ ಪಿನ್ನು ಕಿತ್ತು ಕಿತ್ತು ಖಾಲಾನ ಕೈಯಾಗ ಇಡಾಕತ್ತಿದ್ಳು. ಆ ದೊಡ್ಡ ತುರುಬು ಕಳಚಿ ಅಕಿ ತೊಡಿ ಮ್ಯಾಲ ಬಂತು. ತಲಿ ಮ್ಯಾಲ ಉಳಿದದ್ದು ನಿಂಬಿಕಾಯಿಯಷ್ಟು.

"ಇದು ಹಳೇದಾಗೈತಿ ಖಾಲಾ, ಹೊಸಾದು ಬೇಕು. ಸೊಸಿ ಬರಾಕಿ ಅದಾಳಲ್ಲ, ಅಕಿದು ಐದು ಗೇಣು ಜಡಿ. ಅಂಥಾಕಿ ಪಕ್ಕ ಫೋಟೋದಾಗ ನಾ ಹೆಂಗ ನಿಂದರ್ಲಿ? ಎರಡು ತಿಂಗಳಿಂದ ನಿದ್ದಿ ಇಲ್ಲ ನನಗ. ಮನಿಗೆ ಬಂದು ನನ್ನ ತಲಿ ನೋಡಿ ಅಕಿ ನಕ್ರ ಏನ್ ಮಾಡ್ಲಿ?"

ಅವ್ವ ಅಕ್ಕನ ರಟ್ಟಿ ಹಿಡಿಯಾಕ ಹೋದ್ಳು. ಸಿಗಲಿಲ್ಲ. ಅಕ್ಕ ಎದ್ದಿದ್ಳು. ದುಪಟ್ಟಾ ನೆಲದಾಗ ಬಿದ್ದಿತ್ತು. ಪರದೆ ಸರಿಸಿ ಹಂಗೇ ಹೊರಗ ಹೋಗಿ ನಿಂತ್ಳು. ಎಡಕ್ಕ ಐದು ಗೇಣು, ಬಲಕ್ಕ ಒಂದು ಗೇಣು.

"ಅತ್ತಿ, ನಂದೂ ಇಲ್ಲೇದು" ಅಂದ್ಳು.

ಬೀಗತಿ ಅಕ್ಕನ ಎಡಕ್ಕ ನೋಡಿದ್ಳು, ಬಲಕ್ಕ ನೋಡಿದ್ಳು. ತೊಡಿ ಮ್ಯಾಲಿನ ತುರುಬನ್ನ ಸೆರಗಿನಾಗ ಮುಚ್ಚಿದ್ಳು. ಎದ್ದು ನಿಂತು, ಗಂಟಲು ಸರಿ ಮಾಡ್ಕೊಂಡು, ಖಾಲಾನ ಕಡಿ ತಿರುಗಿ, "ಮನಿ ಬಾಡಿಗಿಗೆ ಐತಿ ಅಂದಿದ್ರಲ್ಲ, ನೋಡಿ ಹೋಗಮು ಅಂತ ಬಂದಿದ್ದೆ" ಅಂದ್ಳು. ಎದುರಿಗೆ ಕಂಡ ಅಡಿಗಿಮನಿಗೆ ಹೋಗಿ ಬಾಗ್ಲು ಹಾಕ್ಕೊಂಡು ಚಿಲಕ ಜಡದ್ಲು.

ಅಜ್ಜಿ ಕೋಲು ಊರ್ಕೊಂತ ಹೋಗಿ ಬಾಗ್ಲಿಗೆ ಬಾಯಿ ಹಚ್ಚಿದ್ಳು.

"ಬೀಗರ, ಹೆಂಗೈತ್ರಿ ಮನಿ? ಗಾಳಿ ಬೆಳಕು ಐತ್ಯಾ?"

ಅಕ್ಕ ನಕ್ಳು. ಟೈಫಾಯ್ಡ್ ಬಂದ ಮ್ಯಾಲ ಅದೇ ಮೊದಲು. ಬಾಯಿ ಮುಚ್ಕೊಂಡು ನಕ್ಳು, ಬಾಯಿ ತಗದು ನಕ್ಳು, ಗ್ವಾಡಿಗೆ ಒರಗಿ ನೆಲಕ್ಕ ಕುಂತು ನಕ್ಳು. ಖಾಲಾನೂ ನಕ್ಳು. ಅವ್ವ ಅತ್ಕೊಂತ ನಕ್ಳು. ಅಲ್ಲೇ ನನ್ನ ಕಿವಿ ಹಿಡದು "ಇದನ್ನ ಎಲ್ಲ್ಯಾರ ಹೇಳಿದ್ರ ನೋಡು" ಅಂದ್ಳು.

ಆಮ್ಯಾಲ ಅಕ್ಕ ಕಣ್ಣು ಒರಿಸ್ಕೊಂಡು, ಖಾಲಾನ ಬುಟ್ಟಿ ಎಳಕೊಂಡು ಅಡಿಗಿಮನಿ ಬಾಗ್ಲು ಮುಂದ ಹೋಗಿ ಕುಂತ್ಳು. ಒಂದು ಜುಟ್ಟು ತಗದ್ಲು. ಎರಡು ಬೆರಳಾಗ ಹಿಡದು ಬುಡದಿಂದ ತುದಿಗೆ ಎಳದ್ಲು, ತುದಿಯಿಂದ ಬುಡಕ್ಕ ಎಳದ್ಲು. ಬ್ಯಾಡ ಅಂತ ಪಕ್ಕಕ್ಕ ಇಟ್ಲು. ಇನ್ನೊಂದು ತಗದ್ಲು.

"ಅತ್ತಿ, ಬಾಗ್ಲು ತಗೀರಿ. ನಂಗ ಆರಸಾಕ ಬರತೈತಿ. ನಿಮಗ ಚೊಲೋದು ನಾನಾ ನೋಡಿ ಕೊಡ್ತೀನಿ" ಅಂದ್ಳು.

ಆರಿಸಿದ ಜುಟ್ಟನ್ನ ತೊಡಿ ಮ್ಯಾಲ ಇಟ್ಕೊಂಡ್ಳು.

"ಫೋಟೋದಾಗ ಇಬ್ಬರೂ ಜೋಡಿ ನಿಂದರಮು, ಅತ್ತಿ."

ಅಕ್ಕ ಬಾಗ್ಲಿಗೆ ಕಿವಿ ಹಚ್ಚಿ ಕೇಳಿದ್ಳು. ನಾವೂ ಉಸಿರು ಹಿಡದು ಕೇಳಿದ್ವಿ. ಬಾಗ್ಲು ಹಾಕಿದ್ದು ಹಾಕಿದಂಗೇ ಇತ್ತು. ಅಕ್ಕ ಅಲ್ಲೇ ಕುಂತು ಬುಟ್ಟಿಯಿಂದ ಇನ್ನೊಂದು ಜುಟ್ಟು ತಗದ್ಲು.